ಸಿಕ್ಕಾ ಇಲ್ಲದ ಸಹಿ

ಬೆಳಗಾವಿಯ ಜುಲೈ ಮಳೆ ಗೊತ್ತಲ್ವಾ, ಹಿಡಿದರೆ ಬಿಡೋದಿಲ್ಲ. ಬಡ್ತಿಯ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಸೆಕ್ಷನ್‌ಗೆ ಹೋದೆ. ಅದು ಮೂರನೇ ಸಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಪಿಎಚ್‌ಡಿ ಇರುವ ಸಹಾಯಕ ಪ್ರಾಧ್ಯಾಪಕರಿಗೆ 4 ವರ್ಷಕ್ಕೆ ಮೊದಲ ಬಡ್ತಿಯ ಅವಕಾಶ ಇದೆ. ನನಗೆ ಆಗಲೇ ಏಳನೇ ವರ್ಷ. ಗುಮಾಸ್ತರು ಹಾಳೆ ತಿರುವಿ, 21 ದಿನದ ಓರಿಯೆಂಟೇಶನ್ (ಅಧ್ಯಾಪಕರ ತರಬೇತಿ) ಸರ್ಟಿಫಿಕೇಟಿನ ಝೆರಾಕ್ಸ್ ಮೇಲೆ ಬೆರಳಿಟ್ಟರು.

"ಸರ್, ಸಹಿ ಐತಿ, ಸಿಕ್ಕಾ ಇಲ್ಲ."

ನನ್ನ ಸಹಿ ಕೆಳಗೆ ಮೊಹರು ಇಲ್ಲ ಅಂತ ಮೊದಲ ಸಲವೇ ಹೇಳಬಹುದಿತ್ತು. ಇರಲಿ.

ಅಲ್ಲಿಂದ ಓಡಿದ್ದು ಎಂ.ಕಾಂ ಕ್ಲಾಸಿಗೆ. ಅವತ್ತಿನ ಪಾಠ, ನಗಬೇಡಿ, ನೌಕರರ ಬದ್ಧತೆ! 1991ರಲ್ಲಿ ಮೆಯರ್ ಮತ್ತು ಅಲೆನ್ ಅನ್ನೋ ಸಂಶೋಧಕರು ಅದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಪ್ರೀತಿಗೆ ಉಳಿಯೋದು, ಬಿಟ್ಟರೆ ನಷ್ಟ ಅಂತ ಉಳಿಯೋದು, ಋಣಕ್ಕೆ ಉಳಿಯೋದು. ಬೋರ್ಡಿನ ಮೇಲೆ ಬರೆದು ತಿರುಗಿದರೆ ಖಾನಾಪುರದ ಹುಡುಗಿ ಎದ್ದು ನಿಂತಿದ್ದಳು. ನೆನೆದ ನೋಟ್‌ಬುಕ್ಕಿನ ಅಂಚು ಉಬ್ಬಿ ಹಪ್ಪಳದಂತಾಗಿತ್ತು.

"ಸರ್, ಈ ಮೂರರಾಗ ನಿಮ್ದು ಯಾವುದ್ರಿ?"

ಕ್ಲಾಸೆಲ್ಲ ನಕ್ಕಿತು. ನನಗೆ ಮೊದಲು ನೆನಪಾದದ್ದು ಮನೆ ಸಾಲದ ಕಂತು. "ಸದ್ಯಕ್ಕೆ ಎರಡನೇದು" ಅಂದೆ. ಅವಳು ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಅತಿಥಿ ಉಪನ್ಯಾಸಕರು ಚಹಾ ಕೆಳಗಿಟ್ಟು ನಕ್ಕರು. ಹನ್ನೊಂದು ವರ್ಷದಿಂದ ಅವರು ನಮ್ಮಲ್ಲೇ 'ಅತಿಥಿ'. ನನಗಿರುವ ವಾರಕ್ಕೆ 16 ತಾಸಿನಷ್ಟೇ ಪಾಠ ಅವರಿಗೂ ಇದೆ. ಅವರ ಕ್ಲಾಸಿನಲ್ಲಿ ಹುಡುಗರು ನನ್ನ ಕ್ಲಾಸಿಗಿಂತ ಜಾಸ್ತಿ ಕೂತಿರುತ್ತಾರೆ. ಇದು ನನಗೆ ಚುಚ್ಚುತ್ತದೆ, ಸುಳ್ಳೇಕೆ ಹೇಳಲಿ.

"ನಂದು ಆ ಮೂರರಾಗ ಇಲ್ರಿ ಸರ್. ಬರೋ ವರ್ಷ ಕರೀತಾರೋ ಇಲ್ಲೋ ಅನ್ನೋದು ಯಾವ ಬಗೆ?"

ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಾನು ಸುಮ್ನೆ ಫೈಲ್ ಬಿಚ್ಚಿ ಆ ಝೆರಾಕ್ಸ್ ತೋರಿಸಿದೆ.

"ಇಷ್ಟೇ ಏನ್ರಿ?" ಅಂತ ಎದ್ದರು. ಮುಖ್ಯಸ್ಥರಿಗೆ ಹೇಳಿ ಸಿಕ್ಕಾ ತಂದರು. ಇಂಕ್ ಪ್ಯಾಡ್ ಒಣಗಿತ್ತು. ಎರಡು ಹನಿ ನೀರು ಬಿಟ್ಟು, ರಫ್ ಹಾಳೆಯ ಮೇಲೆ ಒಂದು ಸಲ ಒತ್ತಿ ನೋಡಿ, ಆಮೇಲೆ ನನ್ನ ಸಹಿ ಕೆಳಗೆ ಒತ್ತಿದರು. ಸ್ವಲ್ಪ ಸೊಟ್ಟಗೆ ಬಿತ್ತು.

"ನಡೀತೈತ್ರಿ, ಓದಾಕ ಬರ್ತೈತಿ" ಅಂತ ಹಾಳೆಗೆ ಉಫ್ ಉಫ್ ಅಂತ ಊದುತ್ತಾ ನಿಂತರು. ಅವರ ಪಿರಿಯಡ್ಡಿನ ಬೆಲ್ ಆಗಲೇ ಹೊಡೆದಿತ್ತು.