ಯೂಸ್ಟನ್‌ಗೆ ಕ್ವೇಕರರ ಹಳೆಯ ವಾದ-ಪ್ರತಿವಾದ ಓದಲು ಹೋಗುವವರಿಗೆ

ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ ಫ್ರೆಂಡ್ಸ್ ಹೌಸ್. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥದವರಾದ ಕ್ವೇಕರರ ಗ್ರಂಥಾಲಯ ಇರುವುದು ಇಲ್ಲೇ. ಆ ಕಾಲದಲ್ಲಿ ಎದುರಾಳಿಗಳು ಅವರನ್ನು ಖಂಡಿಸಿ ಪುಸ್ತಿಕೆ ಅಚ್ಚುಹಾಕಿಸಿದರೆ, ಅವರೂ ಪುಸ್ತಿಕೆಯಲ್ಲೇ ಉತ್ತರ ಕೊಡುತ್ತಿದ್ದರು. ಮೊದಲೇ ಇಮೇಲ್ ಬರೆದು ದಿನ ಗೊತ್ತುಮಾಡಿಕೊಳ್ಳಿ, ಬೇಕಾದ ಪುಸ್ತಿಕೆಗಳ ಪಟ್ಟಿಯನ್ನೂ ಕಳಿಸಿ. ಬರೆದುಕೊಳ್ಳಲು ಪೆನ್ಸಿಲ್ ಒಯ್ಯಿರಿ, ಪೆನ್ನು ಬೇಡ.

ಎಡವುವುದು ಪಟ್ಟಿ ಮಾಡುವಾಗಲೇ. ಕ್ವೇಕರರ ಉತ್ತರವನ್ನಷ್ಟೇ ಕೇಳಿದರೆ ಪ್ರಯೋಜನವಿಲ್ಲ. ಎದುರಾಳಿಯ ಒಂದೊಂದೇ ಮಾತನ್ನು ಎತ್ತಿಕೊಂಡು ಖಂಡಿಸುತ್ತ ಹೋಗುವ ಬರಹ ಅದು. ಮೂಲ ಪಕ್ಕದಲ್ಲಿಲ್ಲದಿದ್ದರೆ ತಲೆಬುಡ ತಿಳಿಯದು. ತಮ್ಮವರ ಬರಹಗಳ ಎರಡೆರಡು ಪ್ರತಿ, ತಮ್ಮ ವಿರುದ್ಧದವುಗಳ ಒಂದೊಂದು ಪ್ರತಿ ಕೂಡಿಡಬೇಕೆಂದು ಕ್ವೇಕರರು 1673ರಲ್ಲೇ ನಿಶ್ಚಯಿಸಿದ್ದರು. ಬೈದವರ ಪುಸ್ತಕವನ್ನೂ ಜೋಪಾನ ಮಾಡಿದ ಆ ದೊಡ್ಡ ಮನಸ್ಸಿಗೆ ಕೈಮುಗಿಯಬೇಕು.

ಮೊದಲ ಸಲಕ್ಕೆ ಒಂದೇ ಜಗಳ ಸಾಕು. ಮುಂದೆ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಬರೆದು ಹೆಸರಾದ ಬೋಧಕ ಜಾನ್ ಬನ್ಯನ್ 1656ರಲ್ಲಿ ‘ಸಮ್ ಗಾಸ್ಪೆಲ್ ಟ್ರುತ್ಸ್ ಓಪನ್ಡ್’ ಬರೆದ. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ ಎಂದು ಆ ಬೆಳಕನ್ನೇ ಹಿಡಿದ ಕ್ವೇಕರರು ಶಿಲುಬೆಗೇರಿದ ಕ್ರಿಸ್ತನನ್ನು ಕೈಬಿಟ್ಟಿದ್ದಾರೆ ಎಂಬುದು ಅವನ ಆಕ್ಷೇಪ. ಇಪ್ಪತ್ತರ ಹರೆಯದ ಕ್ವೇಕರ ಎಡ್ವರ್ಡ್ ಬರೋ ಅದೇ ವರ್ಷ ಉತ್ತರ ಕೊಟ್ಟ. 1657ರಲ್ಲಿ ಬನ್ಯನ್ ಮತ್ತೆ ಬರೆದ, ಬರೋ ಮತ್ತೆ ಉತ್ತರಿಸಿದ. ನಾಲ್ಕನ್ನೂ ಇದೇ ಕ್ರಮದಲ್ಲಿ ಓದಿ.

ಆಗಿನ ಅಚ್ಚಿನಲ್ಲಿ ಉದ್ದನೆಯ ‘ಎಸ್’ ಥೇಟ್ ‘ಎಫ್’ನಂತೆ ಕಾಣುತ್ತದೆ, ‘ಸೇಂಟ್’ ಹೋಗಿ ‘ಫೇಂಟ್’ ಆಗಿಬಿಡುತ್ತದೆ. ಅಡ್ಡಗೆರೆ ಕಂಬವನ್ನು ದಾಟಿ ಬಲಕ್ಕೂ ಚಾಚಿದ್ದರೆ ಮಾತ್ರ ‘ಎಫ್’. ಪುಟದ ತಳದಲ್ಲಿ ಬಲಕ್ಕೆ ಒಂಟಿ ಪದವೊಂದು ಇರುತ್ತದೆ. ಮುಂದಿನ ಪುಟ ಅದೇ ಪದದಿಂದ ಶುರುವಾಗದಿದ್ದರೆ ಹಾಳೆ ಕಳೆದಿದೆಯೇ, ಹೊಲಿಯುವಾಗ ಹಿಂದುಮುಂದಾಗಿದೆಯೇ ಎಂದು ನೋಡಿ. ಅಚ್ಚಿನ ತಪ್ಪೂ ಆಗಿರಬಹುದು. ಒಂದು ಹಾಳೆಯನ್ನು ಎರಡು ಸಲ ಮಡಚಿದರೆ ಎಂಟು ಪುಟ. ಈ ಪುಸ್ತಿಕೆಗಳಲ್ಲಿ ಬಹುಪಾಲು ಹೀಗೆ ಮಡಚಿದವೇ. ಹಲವನ್ನು ಸೇರಿಸಿ ಹೊಲಿದ ದಪ್ಪ ಸಂಪುಟ ಸಿಕ್ಕರೆ ಒತ್ತಿ ಬಿಡಿಸಬೇಡಿ, ಬೆನ್ನು ಸೀಳುತ್ತದೆ. ಪುಸ್ತಕವನ್ನು ಒರಗಿಸಿಡುವ ಸ್ಪಂಜಿನ ಆಸರೆ ಕೇಳಿ ಪಡೆಯಿರಿ.

ತಾರೀಖಿನಲ್ಲಿ ಮೋಸಹೋಗುವುದೇ ಹೆಚ್ಚು. ತಿಂಗಳಿಗೆ ಅನ್ಯದೇವರ ಹೆಸರು ಬೇಡವೆಂದು ಕ್ವೇಕರರು ಅಂಕಿ ಬಳಸುತ್ತಿದ್ದರು. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ‘ಮೊದಲನೆಯ ತಿಂಗಳು’ ಎಂದರೆ ಮಾರ್ಚ್, ‘ಹನ್ನೆರಡನೆಯದು’ ಫೆಬ್ರವರಿ. ನ್ಯೂಗೇಟ್ ಜೈಲಿನಲ್ಲಿ ಬರೋ ತೀರಿಕೊಂಡದ್ದು ಅವರ ಲೆಕ್ಕದಲ್ಲಿ 1662ರ ಫೆಬ್ರವರಿ, ನಮ್ಮ ಲೆಕ್ಕದಲ್ಲಿ 1663.

ಸಂಜೆ ಬಿಡುವಿದ್ದರೆ ಓಲ್ಡ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯಿರಿ. ಬನ್‌ಹಿಲ್ ಫೀಲ್ಡ್ಸ್ ಎಂಬ ಹಳೆಯ ಸ್ಮಶಾನದಲ್ಲಿ ಬನ್ಯನ್ ಮಲಗಿರುವ ಕಲ್ಲಿನ ಪ್ರತಿಮೆಯ ಸಮಾಧಿಯಿದೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಕ್ವೇಕರ್ ಗಾರ್ಡನ್ಸ್. ಅವರ ಮುಂದಾಳು ಜಾರ್ಜ್ ಫಾಕ್ಸ್‌ನನ್ನು 1691ರಲ್ಲಿ ಮಣ್ಣುಮಾಡಿದ್ದು ಅಲ್ಲಿ. ಅವನ ನೆನಪಿಗಿರುವುದು ಒಂದು ಸಣ್ಣ ಕಲ್ಲು, ಹುಡುಕಿ ನೋಡಿ.