ಹಳೆಯ ಪ್ರಶ್ನೆಯನ್ನು ಗುರುತಿಸುವ ಕೆಲಸ

ಪದವಿಪೂರ್ವ ಕಾಲೇಜಿನ ಗಣಿತ ತರಗತಿಗೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಪ್ರಶ್ನೆಗಳು ಮಾತ್ರ ಬಹುಮಟ್ಟಿಗೆ ಹಳೆಯವೇ ಆಗಿರುತ್ತವೆ. 0.999… ನಿಜಕ್ಕೂ 1ಕ್ಕೆ ಸಮವೇ, ಸೊನ್ನೆಯಿಂದ ಭಾಗಿಸಿದರೆ ಅನಂತವೆಂದು ಏಕೆ ಬರೆಯಬಾರದು, 1 ಏಕೆ ಅವಿಭಾಜ್ಯ ಸಂಖ್ಯೆಯಲ್ಲ? ಇಂಥ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ನಮ್ಮ ವಿಭಾಗದವರು ಎಲ್ಲರಿಗೂ ತೆರೆದಿರುವ ಒಂದು ಕಡತದಲ್ಲಿ ಸೇರಿಸುತ್ತಾ ಬಂದಿದ್ದೇವೆ. ಉತ್ತರ ಬರೆಯುವುದು ಈ ಕೆಲಸದ ಸುಲಭದ ಭಾಗ. ತನ್ನ ಪ್ರಶ್ನೆಗೆ ಅಲ್ಲಿ ಆಗಲೇ ಉತ್ತರವಿದೆ ಎಂಬುದು ವಿದ್ಯಾರ್ಥಿಗೆ ಗೊತ್ತಾಗುವಂತೆ ಮಾಡುವುದೇ ಕಷ್ಟ.

ಸೈನ್ ಮತ್ತು ಕೊಸೈನ್‌ಗಳ ಗುಣಲಬ್ಧವನ್ನು ಅನುಕಲಿಸುವ ಲೆಕ್ಕವನ್ನೇ ನೋಡಿ. ಸೈನಿನ ಜಾಗದಲ್ಲಿ ಹೊಸ ಚರಾಕ್ಷರವನ್ನು ಆದೇಶಿಸಿ ಬಿಡಿಸಿದವರಿಗೆ ಸೈನ್ ವರ್ಗದ ಅರ್ಧ ಬರುತ್ತದೆ. ಇಮ್ಮಡಿ ಕೋನದ ಸೂತ್ರ ಹಿಡಿದವರಿಗೆ ಇಮ್ಮಡಿ ಕೋನದ ಕೊಸೈನಿನ ಕಾಲು ಭಾಗ, ಋಣ ಚಿಹ್ನೆಯೊಡನೆ ಬರುತ್ತದೆ. ಎರಡೂ ಸರಿ, ಏಕೆಂದರೆ ಅವುಗಳ ನಡುವಿನ ವ್ಯತ್ಯಾಸ ಕೇವಲ ಕಾಲು, ಅಂದರೆ ಒಂದು ಸ್ಥಿರಾಂಕ; ಒಂದೇ ಅನುಕಲನದ ಉತ್ತರಗಳು ಸ್ಥಿರಾಂಕದಷ್ಟು ಬೇರೆಯಾಗಬಹುದು. ಇದರ ವಿವರಣೆಯನ್ನು ಅಧ್ಯಾಪಕರು ಸಹಜವಾಗಿಯೇ ‘ಅನುಕಲನ ಸ್ಥಿರಾಂಕ’ ಎಂಬ ತಲೆಬರಹದ ಕೆಳಗೆ ಇಡುತ್ತಾರೆ. ಆದರೆ ಆ ಹೆಸರಿನಲ್ಲಿ ಹುಡುಕಲು ತಿಳಿದವನಿಗೆ ಆ ಸಂದೇಹವೇ ಬರುವುದಿಲ್ಲ. ವಿದ್ಯಾರ್ಥಿ ಕೇಳುವುದು ‘ಪುಸ್ತಕದ ಹಿಂದಿರುವ ಉತ್ತರಕ್ಕೂ ನನ್ನದಕ್ಕೂ ತಾಳೆಯಾಗುತ್ತಿಲ್ಲ, ಎಲ್ಲಿ ತಪ್ಪಿದೆ?’ ಎಂದು.

ಅಂತರಜಾಲದ ಗಣಿತ ಸಮುದಾಯಗಳು ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದವು. 1990ರ ದಶಕದಲ್ಲಿ ಹಳೆಯ ಚರ್ಚಾ ಜಾಲವಾದ ಯೂಸ್‌ನೆಟ್‌ನ ಸೈ.ಮ್ಯಾಥ್ ಗುಂಪು ಪದೇ ಪದೇ ಬರುವ ಪ್ರಶ್ನೆಗಳ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು; 0.999… ಅದರಲ್ಲೂ ಇತ್ತು. 2010ರಲ್ಲಿ ಆರಂಭವಾದ ಪ್ರಶ್ನೋತ್ತರ ಜಾಲತಾಣ ಮ್ಯಾಥಮ್ಯಾಟಿಕ್ಸ್ ಸ್ಟ್ಯಾಕ್ ಎಕ್ಸ್‌ಚೇಂಜ್ ಬೇರೆ ದಾರಿ ಹಿಡಿಯಿತು. ಅಲ್ಲಿ ಪುನರಾವರ್ತಿತವೆಂದು ಮುಚ್ಚಿದ ಪ್ರಶ್ನೆಯನ್ನು ಸಾಮಾನ್ಯವಾಗಿ ಅಳಿಸಿಹಾಕದೆ, ಮೂಲ ಪ್ರಶ್ನೆಯ ಕೊಂಡಿಯೊಡನೆ ಉಳಿಸಿಕೊಳ್ಳುತ್ತಾರೆ. ಹೊಸದಾಗಿ ಬಂದವರಿಗೆ ‘ಇದನ್ನು ಆಗಲೇ ಕೇಳಲಾಗಿದೆ’ ಎಂಬ ಮುದ್ರೆ ಮುಖಕ್ಕೆ ಬಾಗಿಲು ಹಾಕಿದಂತೆ ಕಾಣುವುದು ನಿಜವಾದರೂ, ನನ್ನ ದೃಷ್ಟಿಯಲ್ಲಿ ಆ ಪದ್ಧತಿಯ ಹಿಂದಿರುವ ಯೋಚನೆ ಸರಿಯಾದದ್ದೇ: ಒಂದೇ ಸಂದೇಹವನ್ನು ಹತ್ತು ಜನ ಹತ್ತು ರೀತಿಯಲ್ಲಿ ಹೇಳಿದ್ದರೆ, ಹನ್ನೊಂದನೆಯವನು ಅವುಗಳಲ್ಲಿ ಯಾವುದಾದರೊಂದರ ಮೂಲಕ ಉತ್ತರ ತಲುಪುತ್ತಾನೆ.

ಇದಕ್ಕಿಂತಲೂ ಚೊಕ್ಕಟವಾದ ಉಪಾಯ ಪೂರ್ಣಾಂಕ ಶ್ರೇಣಿಗಳ ಆನ್‌ಲೈನ್ ವಿಶ್ವಕೋಶದ್ದು. ಗಣಿತಜ್ಞ ನೀಲ್ ಸ್ಲೋನ್ ಅವರು 1964ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ ಸಂಗ್ರಹ 1973ರಲ್ಲಿ ಪುಸ್ತಕವಾಗಿ, 1996ರಲ್ಲಿ ಜಾಲತಾಣವಾಗಿ ಬೆಳೆಯಿತು. ಅಲ್ಲಿ ಹುಡುಕಲು ಹೆಸರು ಬೇಕಿಲ್ಲ. ಬಹುಭುಜವನ್ನು ಕರ್ಣಗಳಿಂದ ತ್ರಿಭುಜಗಳಾಗಿ ಎಷ್ಟು ಬಗೆಯಲ್ಲಿ ಕತ್ತರಿಸಬಹುದೆಂದು ಕೈಯಾರೆ ಎಣಿಸಿ 1, 2, 5, 14, 42 ಎಂದು ತುಂಬಿದವರಿಗೂ, ಆವರಣ ಚಿಹ್ನೆಗಳನ್ನು ಸರಿಜೋಡಿಯಾಗಿ ಬರೆಯುವ ಬಗೆಗಳನ್ನು ಎಣಿಸಿ ಅವೇ ಅಂಕಿಗಳನ್ನು ತುಂಬಿದವರಿಗೂ ಕ್ಯಾಟಲನ್ ಸಂಖ್ಯೆಗಳ ಒಂದೇ ಪುಟ ತೆರೆದುಕೊಳ್ಳುತ್ತದೆ. ತಮ್ಮ ಪ್ರಶ್ನೆಗಳು ಒಂದೇ ಎಂಬುದು ಆ ಇಬ್ಬರಿಗೂ ಮೊದಲೇ ತಿಳಿದಿರಬೇಕಾಗಿಲ್ಲ.

ನಮ್ಮ ಕಡತದಲ್ಲಿ ಈಗ ತಲೆಬರಹದ ಜಾಗದಲ್ಲಿ ವಿದ್ಯಾರ್ಥಿಗಳ ಮಾತನ್ನೇ, ವ್ಯಾಕರಣ ತಿದ್ದದೆ, ಇಡುತ್ತೇವೆ. ಪಾರಿಭಾಷಿಕ ಹೆಸರು ಉತ್ತರದ ಕೊನೆಗೆ ಬರುತ್ತದೆ. ಇದರಿಂದ ಕಡತ ಉದ್ದವಾಗಿದೆ, ನೋಡಲು ಅಂದವಾಗಿಯೂ ಇಲ್ಲ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಮಾತು ಒಂದೇ ಆಗಿದ್ದು ಸಂದೇಹ ಬೇರೆಯಾಗಿರುವುದು. ‘ಸೊನ್ನೆಯ ಘಾತ ಸೊನ್ನೆ ಎಷ್ಟು?’ ಎಂದು ದ್ವಿಪದ ಪ್ರಮೇಯ ಓದುವಾಗ ಕೇಳಿದವರಿಗೆ 1 ಎಂಬ ಉತ್ತರ ಸಾಕು, ಏಕೆಂದರೆ ಸೂತ್ರ ಎಲ್ಲ ಬೆಲೆಗಳಿಗೂ ನಿಲ್ಲಬೇಕಾದರೆ ಹಾಗೆ ಒಪ್ಪಿಕೊಳ್ಳಲೇಬೇಕು. ಮಿತಿಯ ಲೆಕ್ಕದಲ್ಲಿ ಅದೇ ರೂಪ ಎದುರಾದವರಿಗೆ ಆ ಉತ್ತರ ದಾರಿ ತಪ್ಪಿಸುತ್ತದೆ. ಅಲ್ಲಿ ಅದು ಅನಿರ್ಧಾರಿತ ರೂಪ, ಆಧಾರ ಮತ್ತು ಘಾತಗಳೆರಡೂ ಸೊನ್ನೆಯತ್ತ ಹೇಗೆ ಸಾಗುತ್ತವೆ ಎಂಬುದನ್ನು ಅವಲಂಬಿಸಿ ಮಿತಿ ಬದಲಾಗುತ್ತದೆ. ಹಾಗಾಗಿ ಅದಕ್ಕೆ ಎರಡು ಪುಟಗಳಿವೆ, ಎರಡರ ಮೊದಲ ಸಾಲೂ ಒಂದೇ: ‘ಇದು ನಿಮಗೆ ಯಾವ ಪಾಠದಲ್ಲಿ ಎದುರಾಯಿತು?’