ಹಸಿರು ಹನಿ ಎಲ್ಲಿಂದ ಬರ್ತಿತ್ತು ಅಂದ್ರೆ

ಒಂದು ತಿಂಗಳಿಂದ ಹಳೇ ಕಾರಿನ ಕೆಳಗೆ ದಿನಾ ಬೆಳಿಗ್ಗೆ ಒಂದು ಹಸಿರು ಕಲೆ, ಅಂಗೈಯಷ್ಟೂ ಇಲ್ಲ. ಎಂಜಿನ್ ಬಿಸಿ ಇರೋವಾಗ ಒಂದ್ ಹನಿನೂ ಕಾಣಲ್ಲ, ಬಾನೆಟ್ ಎತ್ತಿದ್ರೆ ಎಂಜಿನ್ ತಣ್ಣಗಿಡೋ ದ್ರವ ಕೂಲಂಟ್‌ನ ಆ ಸಿಹಿ ಸಿಹಿ ವಾಸನೆ ಮಾತ್ರ.

ನನಗೆ ಮೊದಲು ಆ ಕೂಲಂಟ್ ಓಡಿಸೋ ವಾಟರ್ ಪಂಪ್ ಮೇಲೇನೇ ಅನುಮಾನ, ಒದ್ದೆ ಇದ್ದದ್ದು ಅಲ್ಲೇ ನೋಡಿ. ಪಂಪ್ ಒಳಗಿನ ಸೀಲ್ ಹೋದ್ರೆ ಕೆಳಗಿರೋ ಸಣ್ಣ ತೂತಿಂದ ಜಿನುಗುತ್ತೆ, ಬೇರಿಂಗ್‌ಗೆ ನುಗ್ಗೋ ಬದಲು ಹೊರಗೆ ಬರ್ಲಿ ಅಂತಾನೇ ಆ ತೂತು ಬಿಟ್ಟಿರ್ತಾರೆ. ಹೊಸ ಪಂಪ್ ತರೋಕೆ ಹೊರಟೇಬಿಟ್ಟಿದ್ದೆ, ಆಮೇಲೆ ಯಾಕೋ ಟಿಶ್ಯೂ ಸುರುಳಿ ಮಾಡಿ ತೂತಿಗೆ ಇಟ್ಟು ನೋಡಿದ್ರೆ ಪೂರ್ತಿ ಒಣಗಿತ್ತು. ನೀರು ಮೇಲಿಂದ ಕೆಳಗೆ ಹರಿಯುತ್ತೆ, ಸೋರೋ ಜಾಗ ಪಂಪ್‌ಗಿಂತ ಮೇಲೆಲ್ಲೋ ಇರ್ಬೇಕು ಅನ್ನೋದು ಆಗ ಹೊಳೀತು!

ಫ್ರೆಂಡ್ ಹತ್ರ ಗಾಳಿ ಒತ್ತಡ ಕೊಟ್ಟು ಲೀಕ್ ಹುಡುಕೋ ಪ್ರೆಶರ್ ಟೆಸ್ಟರ್ ಇಸ್ಕೊಂಡು ಬಂದು, ಎಂಜಿನ್ ತಣ್ಣಗಿದ್ದಾಗಲೇ ರೇಡಿಯೇಟರ್ ಬಾಯಿಗೆ ಹಾಕಿ 7 ಪಿಎಸ್‌ಐ ಒತ್ತಡ ಬರೋ ತನಕ ಗಾಳಿ ಹೊಡೆದೆ. ನನ್ನ ರೇಡಿಯೇಟರ್ ಕ್ಯಾಪ್ ಮೇಲೆ ಬರೆದಿರೋದೇ 7, ಈಗಿನ ಕಾರ್ ಥರ 15ಕ್ಕೆ ಏರಿಸಿದ್ರೆ ಕಾರಿನೊಳಗೆ ಬಿಸಿ ಗಾಳಿ ಕೊಡೋ ಪುಟ್ಟ ರೇಡಿಯೇಟರ್, ಅಂದ್ರೆ ಹಳೇ ಹೀಟರ್ ಕೋರ್, ಬಾಯಿ ಬಿಟ್ಕೊಂಡ್ರೂ ಬಿಟ್ಕೊಂಡೀತು. ಟಾರ್ಚ್ ಹಿಡ್ಕೊಂಡು ಹತ್ತು ನಿಮಿಷ ಬಗ್ಗಿ ನಿಂತೆ, ಕೂಲಂಟ್ ಹರಿವು ನಿಯಂತ್ರಿಸೋ ಥರ್ಮೋಸ್ಟಾಟ್ ಕೂತಿರೋ ಮುಚ್ಚಳದ, ಅಂದ್ರೆ ಹೌಸಿಂಗ್‌ನ ಕೆಳ ಅಂಚಲ್ಲಿ ಸಾಸಿವೆ ಕಾಳಿನಷ್ಟು ಹನಿ ಮೂಡ್ತು, ದಪ್ಪ ಆಯ್ತು, ಸರ್ರಂತ ಪಂಪ್ ಹಿಂದೆ ಇಳಿದು ಹೋಯ್ತು. ಕಳ್ಳ ಸಿಕ್ಕ. ಬಿಸಿಯಾದಾಗ ಲೋಹ ಹಿಗ್ಗಿ ಸಂದಿ ಮುಚ್ಕೊಳ್ಳುತ್ತೆ, ಬಂದಿದ್ದೂ ಅಲ್ಲೇ ಆವಿ ಆಗುತ್ತೆ, ಅದಕ್ಕೇ ಬೆಳಿಗ್ಗೆ ಮಾತ್ರ ಕಾಣ್ತಿತ್ತು.

ಇಂಥದ್ದಕ್ಕೆ ರೇಡಿಯೇಟರ್‌ಗೆ ಲೀಕ್ ನಿಲ್ಲಿಸೋ ಪುಡಿ ಸುರೀರಿ ಅನ್ನೋರಿದಾರೆ, ನಾನಂತೂ ಸುರಿಯಲ್ಲ, ತೂತು ಮುಚ್ಚೋಕ್ ಮುಂಚೆ ಹೀಟರ್ ಕೋರ್ ಕಟ್ಕೊಳ್ಳೋ ಹಾಗೆ ಮಾಡುತ್ತೆ ಅದು.

ಥರ್ಮೋಸ್ಟಾಟ್ ಮಟ್ಟಕ್ಕಿಂತ ಕೆಳಗೆ ಬರೋಷ್ಟು ಕೂಲಂಟ್ ಇಳಿಸಿ, ಚೆಲ್ಲಿದ್ದನ್ನ ತಕ್ಷಣ ಒರೆಸ್ದೆ. ನಾಯಿ ಬೆಕ್ಕು ನೆಕ್ಕಿಬಿಡ್ತವೆ, ವಿಷ ಅದು. ಹೌಸಿಂಗ್‌ನ ಎರಡು ಬೋಲ್ಟಲ್ಲಿ ಒಂದು ಸಲೀಸಾಗಿ ಬಂತು, ಇನ್ನೊಂದು ಅಲ್ಲಾಡ್ಲಿಲ್ಲ. ಜೋರು ಮಾಡಿದ್ರೆ ಒಳಗೇ ಮುರಿಯುತ್ತೆ ಅಂತ ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿ ಬಿಟ್ಟೆ, ಬೆಳಿಗ್ಗೆ ಕಿರ್ ಅಂತ ಬಂತು. ಒಳಗೆ ಸಂದಿ ಮುಚ್ಚೋ ಪೇಪರ್ ಗ್ಯಾಸ್ಕೆಟ್ ತರಗೆಲೆ ಥರ ಪುಡಿ, ಅಲ್ಯೂಮಿನಿಯಂ ಮೇಲೆ ಬಿಳಿ ಹಕ್ಕಳೆ, ಅಲ್ಲಲ್ಲಿ ಗುಳಿ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಹೌಸಿಂಗ್ ಬೋರಲು ಹಾಕಿ ಮುಖ ಸಮ ಆಗೋವರೆಗೂ ಉಜ್ಜಿದೆ, ಅರ್ಧ ಗಂಟೆ, ಕೈ ಬಿದ್ದೇ ಹೋಯ್ತು. ಹೊಸ ಗ್ಯಾಸ್ಕೆಟ್‌ಗೆ ಸೀಲಂಟ್ ತೆಳ್ಳಗೆ ಸವರಿ ಕೂರಿಸಿ, ಬೋಲ್ಟ್‌ಗಳನ್ನ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಬಿಗಿ ಮಾಡ್ದೆ. ಆಮೇಲೆ ಹೀಟರ್ ವಾಲ್ವ್ ತೆರೆದಿಟ್ಟು, ಗಾಳಿ ಸಿಕ್ಕಾಕೊಳ್ದಂಗೆ ನಿಧಾನಕ್ಕೆ ಕೂಲಂಟ್ ತುಂಬ್ದೆ.

ಎರಡು ರೌಂಡ್ ಓಡಿಸಿ ತಣ್ಣಗಾದ ಮೇಲೆ ನೋಡಿದ್ರೆ ಒಂದು ಬೋಲ್ಟ್ ಚೂರು ಸಡಿಲ ಇತ್ತು, ಬಿಗಿ ಮಾಡ್ದೆ. ಕಾರಿನ ಕೆಳಗೆ ಹಾಸಿರೋ ರಟ್ಟು ನಾಲ್ಕು ದಿನದಿಂದ ಒಣಗೇ ಇದೆ, ಇನ್ನೂ ತೆಗೆದಿಲ್ಲ.